ಅಳತೆಗೆ ಸಿಗದ ನಮೂದು: ಗೋಪ್ಯ ಮಾಹಿತಿಗೆ ಮುಸುಕು ಹಾಕುವಾಗ

ಪಟ್ಟಿಯೊಂದನ್ನು ಬೇರೆಯವರ ಕೈಗೆ ಕೊಡುವ ಮೊದಲು ಅದರಲ್ಲಿರುವ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ, ಹುಟ್ಟಿದ ದಿನಾಂಕ ಮುಂತಾದವನ್ನು ಪೂರ್ತಿಯಾಗಿಯೋ ಭಾಗಶಃವೋ ಮರೆಮಾಡುವುದಕ್ಕೆ ಡೇಟಾ ಮಾಸ್ಕಿಂಗ್ ಎಂದು ಹೆಸರು. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯಲ್ಲಿ ಮೊದಲ ಎಂಟನ್ನು ಮುಚ್ಚಿ ಕೊನೆಯ ನಾಲ್ಕನ್ನು ಉಳಿಸುವುದು ಎಲ್ಲರೂ ಕಂಡಿರುವ ಉದಾಹರಣೆ. ಸರಿಯಾಗಿ ತುಂಬಿದ ನಮೂದುಗಳ ಮಟ್ಟಿಗೆ ಇದು ಸಲೀಸಾದ ಕೆಲಸ. ಮುಸುಕು ಜಾರುವುದು ಸರಿಯಿಲ್ಲದ ನಮೂದುಗಳಲ್ಲಿ: ಹನ್ನೆರಡು ಅಂಕಿ ಇರಬೇಕಾದಲ್ಲಿ ಹನ್ನೊಂದು, ಒಂದೇ ಕಲಂನಲ್ಲಿ ಎರಡು ಫೋನ್ ನಂಬರು, ಸಂಖ್ಯೆಯ ಜಾಗದಲ್ಲಿ ಹೆಸರು, ದಿನಾಂಕದ ಜಾಗದಲ್ಲಿ ‘ಗೊತ್ತಿಲ್ಲ’. ಸಾವಿರ ಸಾಲುಗಳ ಪಟ್ಟಿಯಲ್ಲಿ ಇಂಥವು ಹತ್ತೇ ಇರಬಹುದು. ಆದರೆ ಹೊರಗೆ ಸೋರುವ ಗುಟ್ಟು ಸಾಮಾನ್ಯವಾಗಿ ಆ ಹತ್ತರದ್ದೇ ಆಗಿರುತ್ತದೆ.

ಚೆನ್ನೈನ ವೆಸ್ಟ್ ಮಾಂಬಲಂನಂಥ ಬಡಾವಣೆಯಲ್ಲಿ ಇಂಥ ಪಟ್ಟಿಗಳಿಗೆ ಬರವಿಲ್ಲ. ಮಾಂಬಲಂ ರೈಲು ನಿಲ್ದಾಣದ ಪೂರ್ವಕ್ಕೆ ತ್ಯಾಗರಾಯನಗರ, ಪಶ್ಚಿಮಕ್ಕೆ ಇದು, ಪಿನ್ 600033. ಆರ್ಯಗೌಡ ರಸ್ತೆ, ಅಯೋಧ್ಯಾ ಮಂಟಪದ ಆಸುಪಾಸಿನಲ್ಲಿ ತಮಿಳರ ಜೊತೆಗೆ ಕನ್ನಡ, ತೆಲುಗು ಮನೆಮಾತಿನ ಕುಟುಂಬಗಳೂ ನೆಲೆಸಿವೆ. ಸೇವೆ ಬರೆಸಿದವರ ಹೆಸರು, ಗೋತ್ರ, ನಕ್ಷತ್ರ, ಮೊಬೈಲ್ ಇರುವ ಪಟ್ಟಿ, ಅಪಾರ್ಟ್‌ಮೆಂಟ್ ಸಂಘದ ಸದಸ್ಯರ ಪಟ್ಟಿ, ಅಡುಗೆ ಕಾಂಟ್ರಾಕ್ಟರರ ಗಿರಾಕಿಗಳ ಪಟ್ಟಿ, ಸಣ್ಣ ಆಡಿಟರ್ ಕಚೇರಿಯ ಕಕ್ಷಿದಾರರ ಪಟ್ಟಿ ಇವೆಲ್ಲ ಇಂಥ ಕಡೆ ಹಲವರ ಕೈಯಲ್ಲಿ, ಹಲವು ವರ್ಷಗಳಲ್ಲಿ, ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ ತುಂಬಿಕೊಂಡು ಬಂದಿರುತ್ತವೆ. ದೊಡ್ಡ ಬ್ಯಾಂಕಿನಲ್ಲಿ ತಪ್ಪು ನಮೂದನ್ನು ತಡೆಯಲು ತಂತ್ರಾಂಶವಿದೆ, ತಪಾಸಣೆಯವರಿದ್ದಾರೆ. ಸಣ್ಣ ಕಚೇರಿಯ ಎಕ್ಸೆಲ್ ಹಾಳೆ ಏನು ಬರೆದರೂ ತೆಗೆದುಕೊಳ್ಳುತ್ತದೆ. ಹಾಗಾಗಿ ಮುಸುಕು ಹಾಕುವ ಹೊತ್ತಿಗೆ ಅಳತೆ ಮೀರಿದ, ಅಳತೆ ಸಾಲದ, ಅರ್ಥವೇ ಇಲ್ಲದ ನಮೂದುಗಳು ಎದುರಾಗಿಯೇ ಆಗುತ್ತವೆ ಎಂದುಕೊಂಡು ಕೆಲಸ ಶುರುಮಾಡುವುದು ಕ್ಷೇಮ.

ಮುಚ್ಚುವುದೆಷ್ಟು ಎಂದಲ್ಲ, ತೋರಿಸುವುದೆಷ್ಟು

ಮಾಸ್ಕಿಂಗ್ ನಿಯಮವನ್ನು ಎರಡು ರೀತಿಯಲ್ಲಿ ಬರೆಯಬಹುದು. ‘ಮೊದಲ ಎಂಟು ಅಂಕಿ ಮುಚ್ಚು’ ಎಂಬುದು ಒಂದು. ‘ಕೊನೆಯ ನಾಲ್ಕು ಬಿಟ್ಟು ಉಳಿದದ್ದೆಲ್ಲ ಮುಚ್ಚು’ ಎಂಬುದು ಇನ್ನೊಂದು. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಗೆ ಎರಡರ ಫಲವೂ ಒಂದೇ. ಆದರೆ ಆಧಾರ್ ಕಲಂನಲ್ಲಿ ಜನ ಹನ್ನೆರಡು ಅಂಕಿಯನ್ನೇ ಬರೆದಿರುತ್ತಾರೆ ಎಂಬ ಭರವಸೆಯಿಲ್ಲ. ಆಧಾರ್ ನೋಂದಣಿ ರಸೀದಿಯ ಮೇಲಿರುವ ಎನ್‌ರೋಲ್‌ಮೆಂಟ್ ಐಡಿ 28 ಅಂಕಿಯದು: 14 ಅಂಕಿಯ ಸಂಖ್ಯೆ, ಅದರ ಮುಂದೆ ನೋಂದಣಿಯ ದಿನಾಂಕ ಮತ್ತು ಸಮಯದ 14 ಅಂಕಿ. 2018ರಲ್ಲಿ ಬಂದ ವರ್ಚುವಲ್ ಐಡಿ 16 ಅಂಕಿಯದು. ಇವೆರಡನ್ನೂ ಆಧಾರ್ ಕಲಂನಲ್ಲಿ ಬರೆದುಬಿಡುವವರಿದ್ದಾರೆ. ಮೊದಲ ನಿಯಮದ ಪ್ರಕಾರ ವರ್ಚುವಲ್ ಐಡಿಯ ಎಂಟು ಅಂಕಿ ಬಯಲಾಗುತ್ತವೆ, ಎನ್‌ರೋಲ್‌ಮೆಂಟ್ ಐಡಿಯ ಇಪ್ಪತ್ತು ಅಂಕಿ ಬಯಲಾಗುತ್ತವೆ. ಎರಡನೆಯ ನಿಯಮದಲ್ಲಿ ಏನೇ ಬಂದರೂ ಕಾಣುವುದು ನಾಲ್ಕೇ.

ಎರಡನೆಯ ನಿಯಮಕ್ಕೂ ಒಂದು ಕುಂದಿದೆ. ಅದು ಚಿಕ್ಕ ನಮೂದುಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕೇ ಅಂಕಿ ಬರೆದಿದ್ದರೆ ನಾಲ್ಕೂ ಹಾಗೇ ಉಳಿಯುತ್ತವೆ. ಆರು ಅಂಕಿ ಇದ್ದರೆ ಮುಚ್ಚಿದ್ದು ಎರಡೇ. ವೆಸ್ಟ್ ಮಾಂಬಲಂನ ಹಳೆಯ ಸದಸ್ಯತ್ವ ಪುಸ್ತಕದಿಂದ ಇಳಿಸಿಕೊಂಡ ಪಟ್ಟಿಯಲ್ಲಿ ಚೆನ್ನೈನ ಸಂಕೇತ 044 ಇಲ್ಲದ, ಏಳೇ ಅಂಕಿಯ ಹಿಂದಿನ ಕಾಲದ ಮನೆ ಫೋನ್ ನಂಬರು ಸಿಗಬಹುದು. ಮಗ ಸಿಂಗಪುರದಲ್ಲಿದ್ದರೆ ಅವನ ನಂಬರು ದೇಶದ ಸಂಕೇತ ಬಿಟ್ಟು ಎಂಟು ಅಂಕಿಯದು. ಕೊನೆಯ ನಾಲ್ಕು ತೋರಿಸಿದರೆ ಅರ್ಧ ಬಿಟ್ಟುಕೊಟ್ಟಂತೆ.

ಆದ್ದರಿಂದ ನಿಯಮ ಹೀಗಿರಬೇಕು: ನಮೂದು ನಿರೀಕ್ಷಿತ ಅಳತೆಗೂ ರೂಪಕ್ಕೂ ತಾಳೆಯಾದರೆ ಮಾತ್ರ ಕೊನೆಯ ನಾಲ್ಕನ್ನು ತೋರಿಸುವುದು, ಒಂದೇ ಒಂದು ಅಂಕಿ ಹೆಚ್ಚುಕಡಿಮೆಯಾದರೂ ಪೂರ್ತಿ ಮುಚ್ಚುವುದು. ಮುಚ್ಚುವಾಗ ಹಾಕುವ ಚುಕ್ಕಿಗಳ ಸಂಖ್ಯೆಯೂ ಒಂದೇ ಆಗಿರಬೇಕು. ಮೂಲದಲ್ಲಿ ಎಷ್ಟು ಅಕ್ಷರವಿತ್ತೋ ಅಷ್ಟೇ ಚುಕ್ಕಿ ಹಾಕಿದರೆ ನಮೂದಿನ ಉದ್ದ ಹೊರಬೀಳುತ್ತದೆ. ಮೂವತ್ತು ಜನರ ಪಟ್ಟಿಯಲ್ಲಿ ಒಬ್ಬರದು ಮಾತ್ರ 28 ಚುಕ್ಕಿಯಿದ್ದರೆ ಅವರಿಗೆ ಆಧಾರ್ ಇನ್ನೂ ಬಂದಿಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ. ಎಲ್ಲ ತಪ್ಪು ನಮೂದುಗಳಿಗೂ ಎಂಟು ಚುಕ್ಕಿ ಎಂದು ನಿಗದಿ ಮಾಡಿದರೆ ಆ ಸುಳಿವು ಸಿಗದು.

ಇದಕ್ಕೆ ತದ್ವಿರುದ್ಧವಾದ ನಡವಳಿಕೆ ಕೈಯಿಂದ ಬರೆದ ಪ್ರೋಗ್ರಾಂಗಳಲ್ಲಿ ಸಾಮಾನ್ಯ. ‘ಮಾದರಿಗೆ ಹೊಂದಿದರೆ ಮುಚ್ಚು, ಹೊಂದದಿದ್ದರೆ ಇದ್ದ ಹಾಗೇ ಮುಂದಕ್ಕೆ ಕಳಿಸು’ ಎಂಬುದೇ ಅವುಗಳ ತರ್ಕ. ಬರೆದವರ ಉದ್ದೇಶ ಕೆಟ್ಟದ್ದಲ್ಲ. ಹೊಂದದ ನಮೂದು ಆಧಾರ್ ಸಂಖ್ಯೆಯೇ ಅಲ್ಲ, ಅದರಲ್ಲಿ ಮುಚ್ಚುವಂಥದ್ದೇನಿದೆ ಎಂಬ ಯೋಚನೆ. ಆದರೆ ಹನ್ನೊಂದು ಅಂಕಿಯ ಆಧಾರ್ ಎಂದರೆ ಒಂದು ಅಂಕಿ ಬಿಟ್ಟುಹೋದ ನಿಜವಾದ ಆಧಾರ್. ಬಳಕೆಯಲ್ಲಿರುವ ಡೇಟಾಬೇಸ್‌ಗಳಲ್ಲಿ ಕೆಲವು ಈ ವಿಷಯದಲ್ಲಿ ಎಚ್ಚರ ವಹಿಸಿವೆ. 2016ರ ಆವೃತ್ತಿಯಿಂದ ಎಸ್‌ಕ್ಯುಎಲ್ ಸರ್ವರ್‌ನಲ್ಲಿರುವ ಭಾಗಶಃ ಮುಸುಕಿನ ಸೌಲಭ್ಯ ನಮೂದು ತೀರಾ ಚಿಕ್ಕದಾದರೆ ತೋರಿಸಬೇಕಾದ ಭಾಗವನ್ನೂ ಕಡಿತ ಮಾಡುತ್ತದೆ. ಬೇರೆ ಸಲಕರಣೆ ಬಳಸುವವರು ಅದು ಚಿಕ್ಕ ನಮೂದಿಗೆ, ದೊಡ್ಡ ನಮೂದಿಗೆ, ಖಾಲಿ ನಮೂದಿಗೆ ಏನು ಮಾಡುತ್ತದೆ ಎಂಬುದನ್ನು ತಾವೇ ಒಮ್ಮೆ ಹಾಕಿ ನೋಡಬೇಕು. ಕೈಪಿಡಿ ಓದಿ ನಂಬುವ ವಿಷಯವಲ್ಲ ಇದು.

ತಾಳೆ ಅಂಕಿಯ ಉಪಯೋಗ, ದುರುಪಯೋಗ

ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಅದರ ಹನ್ನೆರಡನೆಯ ಅಂಕಿ ತಾಳೆ ಅಂಕಿ. ಡಚ್ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅದು ಹಿಂದಿನ ಹನ್ನೊಂದರಿಂದ ಹುಟ್ಟುತ್ತದೆ. ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಅದು ಹಿಡಿದುಕೊಡುತ್ತದೆ. ಬ್ಯಾಂಕ್ ಕಾರ್ಡುಗಳಲ್ಲಿ ಇದೇ ಕೆಲಸಕ್ಕೆ ಐಬಿಎಂನ ಹಾನ್ಸ್ ಪೀಟರ್ ಲೂನ್ ರೂಪಿಸಿದ ಸೂತ್ರವಿದೆ.

ತಾಳೆ ಅಂಕಿಯಿಂದ ನಮೂದನ್ನು ವಿಂಗಡಿಸಬಹುದು, ತಪ್ಪಿರುವ ಸಾಲನ್ನು ತಿದ್ದಲು ಕಳಿಸಬಹುದು. ತಾಳೆಯಾಗದ ಸಂಖ್ಯೆಗೆ ಮುಸುಕು ಬೇಡ ಎಂದು ತೀರ್ಮಾನಿಸಲು ಮಾತ್ರ ಅದನ್ನು ಬಳಸಬಾರದು. ತಾಳೆ ತಪ್ಪಿದ ಸಂಖ್ಯೆ ಬಹಳ ಸಲ ನಿಜವಾದ ಸಂಖ್ಯೆಯಿಂದ ಒಂದೇ ಅಂಕಿಯ ದೂರದಲ್ಲಿರುತ್ತದೆ. ತಾಳೆ ಅಂಕಿಯ ನೆರವಿನಿಂದಲೇ ಹುಡುಕುವವರು ಸರಿಯಾದದ್ದನ್ನು ಹೆಕ್ಕಿಕೊಳ್ಳಬಹುದು.

ಕೊನೆಯ ನಾಲ್ಕು ಕಂಡರೆ ಉಳಿಯುವ ಗುಟ್ಟೆಷ್ಟು ಎಂಬುದನ್ನೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಮುಚ್ಚಿದ ಎಂಟು ಅಂಕಿಗಳಲ್ಲಿ ಮೊದಲನೆಯದಕ್ಕೆ ಎಂಟು ಸಾಧ್ಯತೆ, ಉಳಿದ ಏಳಕ್ಕೆ ಹತ್ತು ಹತ್ತು. ಒಟ್ಟು ಎಂಟು ಕೋಟಿ. ತಾಳೆ ಅಂಕಿಯ ಕಟ್ಟಿನಿಂದ ಅದು ಹತ್ತರಲ್ಲೊಂದು ಭಾಗಕ್ಕೆ ಇಳಿದು 80 ಲಕ್ಷವಾಗುತ್ತದೆ. ಮನುಷ್ಯನಿಗೆ ಅದು ದೊಡ್ಡದು, ಕಂಪ್ಯೂಟರಿಗೆ ಸಣ್ಣದು. ಅಂದರೆ ಮುಸುಕು ನೆಟ್ಟಗೆ ಹಾಕಿದಾಗಲೇ ಗುಟ್ಟು ಉಳಿಯುವುದು ಇಷ್ಟು ತೆಳುವಾಗಿ. ಅದರ ಮೇಲೆ ಇನ್ನೊಂದೆರಡು ಅಂಕಿ ಸೋರಿದರೂ ಉಳಿದದ್ದು ಲೆಕ್ಕಕ್ಕಿಲ್ಲ.

ಎಕ್ಸೆಲ್ ಮಾಡುವ ಅವಾಂತರ ಬರುವುದು ಇಲ್ಲೇ. ಸಾಮಾನ್ಯ ಕಲಂನಲ್ಲಿ ಹನ್ನೆರಡು ಅಂಕಿ ಬರೆದರೆ ಅದು, ಉದಾಹರಣೆಗೆ, 1.23457 ಎಂದು ಬರೆದು, ಮುಂದೆ ಇಂಗ್ಲಿಷಿನ ‘ಇ’ ಅಕ್ಷರ, ಕೂಡುವ ಚಿಹ್ನೆ, 11 ಎಂದು ತೋರಿಸುತ್ತದೆ. ಹಾಳೆಯನ್ನು ಹಾಗೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಕಾಣುತ್ತಿದ್ದ ರೂಪವೇ ಕಾಯಂ ಆಗುತ್ತದೆ. ಮಾದರಿಗೆ ಹೊಂದದ್ದನ್ನು ಹಾಗೇ ಬಿಡುವ ಪ್ರೋಗ್ರಾಂ ಇದನ್ನು ಮುಟ್ಟುವುದಿಲ್ಲ. ಆಗ ಆಧಾರ್‌ನ ಮೊದಲ ಆರು ಅಂಕಿ ಬಯಲಿಗೆ ಬಂದಿರುತ್ತವೆ, ಆರನೆಯದು ಹತ್ತಿರದ ಬೆಲೆಗೆ ಸರಿದಿರಬಹುದು ಅಷ್ಟೆ. ಅದೇ ವ್ಯಕ್ತಿಯ ಕೊನೆಯ ನಾಲ್ಕು ಅಂಕಿ ಬೇರೊಂದು ಪಟ್ಟಿಯಲ್ಲಿ, ನಿಯಮಬದ್ಧವಾಗಿ, ಕಾಣುತ್ತಿದ್ದರೆ ಎರಡನ್ನೂ ಜೋಡಿಸಿದವರಿಗೆ ಉಳಿಯುವ ಅನುಮಾನ ನೂರು ಸಂಖ್ಯೆಗಳಷ್ಟು. ತಾಳೆ ಅಂಕಿ ಅದನ್ನು ಹತ್ತರ ಆಸುಪಾಸಿಗೆ ತರುತ್ತದೆ. ಮುಸುಕಿದ್ದೂ ಇಲ್ಲದಂತೆ.

ಹದಿನೈದು ಅಂಕಿಗಿಂತ ಉದ್ದದ ಸಂಖ್ಯೆಯನ್ನು ಎಕ್ಸೆಲ್ ನೆನಪಿಡುವುದೂ ಇಲ್ಲ. ಹದಿನಾರನೆಯದರಿಂದ ಮುಂದಿನದೆಲ್ಲ ಸೊನ್ನೆ. 16 ಅಂಕಿಯ ವರ್ಚುವಲ್ ಐಡಿಯ ಕೊನೆಯ ಅಂಕಿ ಹೋಯಿತು, 28ರ ಎನ್‌ರೋಲ್‌ಮೆಂಟ್ ಐಡಿಯ ಹೆಚ್ಚುಕಡಿಮೆ ಅರ್ಧವೇ ಹೋಯಿತು. ಅಂಥ ಎನ್‌ರೋಲ್‌ಮೆಂಟ್ ಐಡಿಯಲ್ಲಿ ಕೊನೆಯ ನಾಲ್ಕು ಎಂದು ತೋರಿಸುವುದು ಯಾರಿಗೂ ಸೇರದ ‘0000’. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳೂ ಮಾಯವಾಗುತ್ತವೆ. ಕಲಂ ತೆರೆಯುವಾಗಲೇ ಅದನ್ನು ‘ಟೆಕ್ಸ್ಟ್’ ಎಂದು ಗುರುತಿಸುವುದೊಂದೇ ಇದಕ್ಕೆ ಪರಿಹಾರ. ಸಂಖ್ಯೆ ಕೆಟ್ಟ ಮೇಲೆ ಟೆಕ್ಸ್ಟ್ ಮಾಡಿದರೆ ಹೋದದ್ದು ಬಾರದು.

ಡೇಟಾಬೇಸ್‌ನಲ್ಲಿ ಇದಕ್ಕೆ ಸೋದರನಂಥ ತಪ್ಪೊಂದಿದೆ. 32 ಬಿಟ್‌ನ ಸಾಮಾನ್ಯ ಪೂರ್ಣಾಂಕ ಕಲಂ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಭಾರತದ ಮೊಬೈಲ್ ಸಂಖ್ಯೆಗಳು 6ರಿಂದ 9ರ ಒಳಗೆ ಶುರುವಾಗುವುದರಿಂದ ಪ್ರತಿಯೊಂದೂ ಇದಕ್ಕಿಂತ ದೊಡ್ಡದೇ. ಮೈಎಸ್‌ಕ್ಯುಎಲ್‌ನಲ್ಲಿ ಕಟ್ಟುನಿಟ್ಟಿನ ವಿಧಾನ ಚಾಲೂ ಇಲ್ಲದಿದ್ದರೆ ಎಲ್ಲ ಮೊಬೈಲ್ ಸಂಖ್ಯೆಗಳ ಜಾಗದಲ್ಲೂ 2147483647 ಎಂದೇ ಕೂರುತ್ತದೆ. ಮುಸುಕು ಹಾಕಿದ ಮೇಲೆ ಎಲ್ಲರ ಕೊನೆಯ ನಾಲ್ಕೂ ‘3647’ ಎಂದು ಕಂಡರೆ ತಪ್ಪು ಮುಸುಕಿನದಲ್ಲ, ಅದಕ್ಕಿಂತ ಹಿಂದಿನದು. ಫೋನ್, ಆಧಾರ್, ಖಾತೆ ಇವು ಕೂಡಿಕಳೆಯುವ ಸಂಖ್ಯೆಗಳಲ್ಲ. ಅವುಗಳನ್ನು ಅಕ್ಷರಗಳ ಸಾಲಾಗಿಯೇ ಇಡಬೇಕು.

ಕನ್ನಡ ಅಂಕಿ, ಕನ್ನಡ ಹೆಸರು

ಕನ್ನಡದಲ್ಲಿ ತುಂಬಿದ ಪಟ್ಟಿಗಳಿಗೆ ಒಂದು ಅಪಾಯ ಹೆಚ್ಚು. ಮೊಬೈಲ್ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ಹುಡುಕುವ ಪ್ರೋಗ್ರಾಂಗೆ ಅದು ಸಂಖ್ಯೆಯೆಂದೇ ಗೊತ್ತಾಗುವುದಿಲ್ಲ. ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗಿನ ಕನ್ನಡ ಅಂಕಿಗಳಿಗೆ ಬೇರೆಯೇ ಸ್ಥಾನಗಳಿವೆ. ತಮಿಳು ಅಂಕಿಗಳಿಗೂ ಹಾಗೆಯೇ. ‘ಯಾವುದೇ ಅಂಕಿ’ ಎಂಬ ಹುಡುಕು ಮಾದರಿ ಪೈಥಾನ್ 3ರಲ್ಲಿ ಕನ್ನಡ ಅಂಕಿಯನ್ನು ಹಿಡಿಯುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿಯುವುದಿಲ್ಲ. ಒಂದೇ ಪಟ್ಟಿ ಒಂದು ಕಡೆ ಮುಚ್ಚಿಕೊಂಡು ಇನ್ನೊಂದು ಕಡೆ ತೆರೆದುಕೊಂಡು ಹೊರಬರುವುದು ಹೀಗೆ. ಮುಸುಕು ಹಾಕುವ ಮೊದಲು ಎಲ್ಲ ಲಿಪಿಯ ಅಂಕಿಗಳನ್ನೂ ಒಂದೇ ರೂಪಕ್ಕೆ ತರಬೇಕು. ನಡುವಿನ ಖಾಲಿ ಜಾಗ, ಅಡ್ಡಗೆರೆ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ತೆಗೆಯಬೇಕು. ಅಳತೆ ನೋಡುವುದು ಆಮೇಲೆ.

ಹೆಸರುಗಳಲ್ಲಿ ಅಳತೆಯ ಅರ್ಥವೇ ಬೇರೆ. ‘ಕೃಷ್ಣಮೂರ್ತಿ’ ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಓದುವವರಿಗೆ ಅದು ನಾಲ್ಕು ಅಕ್ಷರ: ಕೃ, ಷ್ಣ, ಮೂ, ರ್ತಿ. ಕಂಪ್ಯೂಟರಿಗೆ ಹನ್ನೊಂದು ಘಟಕ. ವ್ಯಂಜನ, ಸ್ವರಚಿಹ್ನೆ, ಅರ್ಧಚಿಹ್ನೆ ಎಲ್ಲ ಬಿಡಿಬಿಡಿ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 33. ಹೆಸರಿಗೆ 20 ಬೈಟ್ ಸಾಕು ಎಂದು ಯಾರೋ ನಿಗದಿ ಮಾಡಿದ ಕಲಂನಲ್ಲಿ ‘ಕೃಷ್ಣಮ’ ಎಂಬಲ್ಲಿಗೆ 18 ಬೈಟ್ ಮುಗಿದು, ಮುಂದಿನ ದೀರ್ಘದ ಚಿಹ್ನೆ ನಡುವೆ ತುಂಡಾಗಿ, ಕೊನೆಗೆ ಓದಲಾಗದ ಪೆಟ್ಟಿಗೆಯೊಂದು ಉಳಿಯುತ್ತದೆ. ‘ಕೊನೆಯ ಒಂದು ಅಕ್ಷರ ತೋರಿಸು’ ಎಂದರೆ ಗುಡಿಸು ಮಾತ್ರ ಚುಕ್ಕಿವೃತ್ತದ ಮೇಲೆ ತೂಗಿಕೊಂಡು ಕಾಣುತ್ತದೆ. ಹೆಸರನ್ನು ಕತ್ತರಿಸುವುದು, ಮುಚ್ಚುವುದು ಎರಡೂ ಅಕ್ಷರದ ಗಡಿಯಲ್ಲೇ ಆಗಬೇಕು. ಯೂನಿಕೋಡ್ ಇದಕ್ಕೆ ಅಕ್ಷರಗುಚ್ಛದ ಗಡಿಗಳನ್ನು ಗುರುತಿಸುವ ನಿಯಮ ಕೊಟ್ಟಿದೆ, ಅದನ್ನು ಬಳಸುವ ಸಿದ್ಧ ಸಲಕರಣೆಗಳೂ ಇವೆ; ಒತ್ತಕ್ಷರದ ನಡುವೆ ಅವು ಕತ್ತರಿಸುವುದಿಲ್ಲವೇ ಎಂದು ಮಾತ್ರ ಮೊದಲು ನೋಡಿಕೊಳ್ಳಬೇಕು.

ಚಿಕ್ಕ ಹೆಸರುಗಳಿಗೆ ಭಾಗಶಃ ಮುಸುಕು ಒಗ್ಗುವುದೇ ಇಲ್ಲ. ‘ಉಮಾ’ ಎರಡೇ ಅಕ್ಷರ. ಮೊದಲನೆಯದನ್ನೂ ಕೊನೆಯದನ್ನೂ ತೋರಿಸುವ ನಿಯಮದಲ್ಲಿ ಮುಚ್ಚಲು ಏನೂ ಉಳಿಯದು. ಮೂರು ಅಕ್ಷರದವರೆಗಿನ ಹೆಸರುಗಳನ್ನು ಪೂರ್ತಿ ಮುಚ್ಚುವುದೇ ಸರಿ. ಚೆನ್ನೈಯಲ್ಲಿ ಹೆಸರಿನ ಮುಂದೆ ತಂದೆಯದೋ ಗಂಡನದೋ ಇನಿಷಿಯಲ್ ಇಡುವ ರೂಢಿ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲೂ ಮನೆತನದ ಹೆಸರು ಬಿಟ್ಟು ಇನಿಷಿಯಲ್ ಹಿಡಿದವರಿದ್ದಾರೆ. ‘ಮೊದಲ ಅಕ್ಷರ ತೋರಿಸು’ ಎಂದಾಗ ಕಾಣುವುದು ಆ ಇನಿಷಿಯಲ್, ಹೆಸರಲ್ಲ. ಒಂದೇ ಮನೆಯ ನಾಲ್ವರು ಮಕ್ಕಳಿಗೂ ಅದು ಒಂದೇ ಆಗಿ, ಯಾರು ಯಾರ ಮನೆಯವರೆಂಬುದನ್ನು ಪಟ್ಟಿಯೇ ಹೇಳಿಬಿಡುತ್ತದೆ.

ಹೆಸರಿನ ಬದಲು ಸಂಕೇತಸಂಖ್ಯೆ ಕೊಡುವ ವಿಧಾನದಲ್ಲೂ ಕಾಣದ ಚಿಹ್ನೆಗಳು ಕೈಕೊಡುತ್ತವೆ. ಕನ್ನಡ ಬೆರಳಚ್ಚಿನಲ್ಲಿ ಅರ್ಧಾಕ್ಷರವನ್ನು ಬಿಡಿಸಿ ಬರೆಯಲು ಬಳಸುವ ಸೊನ್ನೆ ಅಗಲದ ಚಿಹ್ನೆ ಒಬ್ಬರ ನಮೂದಿನಲ್ಲಿ ಇದ್ದು, ಅದೇ ಹೆಸರಿನ ಇನ್ನೊಂದು ನಮೂದಿನಲ್ಲಿ ಇಲ್ಲದಿದ್ದರೆ ಒಬ್ಬರೇ ವ್ಯಕ್ತಿಗೆ ಎರಡು ಸಂಕೇತ ಹುಟ್ಟುತ್ತವೆ. ಸಂಕೇತವನ್ನು ಹ್ಯಾಶ್ ಲೆಕ್ಕದಿಂದ (ಒಂದೇ ನಮೂದಿಗೆ ಯಾವಾಗಲೂ ಒಂದೇ ಸಂಕೇತ ಕೊಡುವ ಲೆಕ್ಕ) ಹುಟ್ಟಿಸುವವರು ಮತ್ತೊಂದು ಸಂಗತಿ ಗಮನಿಸಬೇಕು. ಹತ್ತು ಅಂಕಿಯ ಮೊಬೈಲ್ ಸಂಖ್ಯೆಗಳ ಒಟ್ಟು ಸಾಧ್ಯತೆ 400 ಕೋಟಿ. ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಈಗಿನ ಸಾಮಾನ್ಯ ಕಂಪ್ಯೂಟರಿಗೂ ಸಾಧ್ಯವಾದ ಕೆಲಸ. ಗುಪ್ತ ಕೀಲಿ ಸೇರಿಸದ ಹ್ಯಾಶ್ ಮುಸುಕೇ ಅಲ್ಲ.

ಷರಾ ಕಲಂ ಮತ್ತು ಉದ್ದದ ನಮೂದು

ಅಳತೆ ಮೀರಿದ ನಮೂದುಗಳ ದೊಡ್ಡ ನೆಲೆ ಷರಾ ಕಲಂ. ‘ಈ ನಂಬರು ಹಳೆಯದು, ಮಗಳ ನಂಬರಿಗೆ ಮಾಡಿ’ ಎಂದು ಬರೆದು ಮಗಳ ನಂಬರನ್ನೂ ಅಲ್ಲೇ ಬರೆದಿರುತ್ತಾರೆ. ಮೊಬೈಲ್ ಕಲಂನಲ್ಲಿ ಓರೆಗೆರೆ ಹಾಕಿ ಎರಡು ನಂಬರು ಬರೆಯುವುದೂ ಸಾಮಾನ್ಯ. ಮೊದಲು ಸಿಕ್ಕಿದ್ದನ್ನು ಮಾತ್ರ ಬದಲಿಸಿ ನಿಲ್ಲುವ ಪ್ರೋಗ್ರಾಂ ಎರಡನೆಯದನ್ನು ಹಾಗೇ ಬಿಡುತ್ತದೆ. ಜಾವಾಸ್ಕ್ರಿಪ್ಟ್‌ನ ಬದಲಿಸು ಆಜ್ಞೆಯ ಸಹಜ ನಡವಳಿಕೆಯೇ ಅದು. ಒಂದು ಕಲಂನಲ್ಲಿ ಎರಡು ಸಂಖ್ಯೆ ಸಿಕ್ಕರೆ ಅದನ್ನು ತಪ್ಪು ನಮೂದೆಂದು ಪರಿಗಣಿಸಿ ಪೂರ್ತಿ ಮುಚ್ಚಬೇಕು. ಷರಾ ಕಲಂ ಹೊರಗಿನವರಿಗೆ ಬೇಕೇ ಇಲ್ಲದಿದ್ದರೆ ಇಡಿಯಾಗಿ ತೆಗೆದುಹಾಕುವುದಕ್ಕಿಂತ ಒಳ್ಳೆಯ ಮುಸುಕಿಲ್ಲ.

ಉದ್ದದ ನಮೂದನ್ನು ಕತ್ತರಿಸುವುದು ಮೊದಲೋ, ಮುಚ್ಚುವುದು ಮೊದಲೋ ಎಂಬ ಪ್ರಶ್ನೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಮೊದಲೇ ಕತ್ತರಿಸಿದರೆ ಹನ್ನೆರಡು ಅಂಕಿಯ ಸಂಖ್ಯೆ ಗಡಿಯಲ್ಲಿ ತುಂಡಾಗಿ ಒಂಬತ್ತೇ ಉಳಿಯಬಹುದು. ಆಗ ಹನ್ನೆರಡನ್ನೇ ಹುಡುಕುವ ಪ್ರೋಗ್ರಾಂಗೆ ಅದು ಕಾಣದೆ, ಒಂಬತ್ತು ಅಂಕಿ ತೆರೆದುಕೊಂಡೇ ಹೋಗುತ್ತದೆ. ಆದ್ದರಿಂದ ಮುಚ್ಚುವುದು ಮೊದಲು, ಕತ್ತರಿಸುವುದು ಆಮೇಲೆ. ಆದರೆ ಹತ್ತು ಸಾವಿರ ಅಕ್ಷರದ ನಮೂದು, ಉದಾಹರಣೆಗೆ ಯಾರೋ ಚಿತ್ರವೊಂದನ್ನು ಅಕ್ಷರರೂಪದಲ್ಲಿ ಅಂಟಿಸಿಬಿಟ್ಟದ್ದು ಎದುರಾದರೆ ಅದರ ಮೇಲೆ ಮಾದರಿ ಹುಡುಕುವುದಕ್ಕೇ ಹೋಗಬಾರದು. ತೊಡಕಿನ ಮಾದರಿಗಳು ಇಂಥ ಕಡೆ ಹಿಂದೆಮುಂದೆ ತಡಕಾಡಿ ಯಂತ್ರವನ್ನೇ ಕಟ್ಟಿಹಾಕುತ್ತವೆ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಜಾಲ ಜಗತ್ತಿನಾದ್ಯಂತ ಸುಮಾರು ಅರ್ಧ ಗಂಟೆ ಕುಸಿದದ್ದು ಅಂಥ ಒಂದೇ ಒಂದು ಮಾದರಿಯಿಂದ. ಕಲಂಗೆ ಒಂದು ಗರಿಷ್ಠ ಉದ್ದ ಗೊತ್ತುಮಾಡಿ, ಮೀರಿದ್ದನ್ನು ಓದದೆಯೇ ಪೂರ್ತಿ ಮುಚ್ಚಿಬಿಡಬೇಕು.

ಮುಚ್ಚಿದ ಮೇಲಿನ ಫಲವೂ ಕಲಂನಲ್ಲಿ ಹಿಡಿಸಬೇಕು. ಆರು ಅಕ್ಷರದ ಕಲಂನಲ್ಲಿ ಎಂಟು ಚುಕ್ಕಿ ಕೂರದೆ ಕೆಲಸ ನಡುವೆ ನಿಂತರೆ ಅರ್ಧ ಮುಚ್ಚಿದ, ಅರ್ಧ ತೆರೆದ ಕಡತ ಉಳಿಯುತ್ತದೆ. ಅದನ್ನು ಮುಗಿದ ಕಡತವೆಂದು ತಿಳಿದು ಯಾರಾದರೂ ಕಳಿಸಿಬಿಡಬಹುದು. ಮುಸುಕು ಹಾಕಿದ್ದನ್ನು ಬೇರೆ ಕಡತಕ್ಕೆ ಬರೆದು, ಎಲ್ಲ ಸಾಲು ಮುಗಿದ ಮೇಲಷ್ಟೇ ಅದಕ್ಕೆ ಕೊನೆಯ ಹೆಸರು ಕೊಡುವುದು ಇದಕ್ಕೆ ಸುಲಭ ಉಪಾಯ.

ಪ್ಯಾನ್, ಜಿಎಸ್‌ಟಿ, ಕಾರ್ಡ್, ಖಾತೆ

ಪ್ಯಾನ್ ಹತ್ತು ಅಕ್ಷರದ್ದು: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಆಡಿಟರ್ ಕಚೇರಿಗಳಲ್ಲಿ ಪ್ಯಾನ್ ಕಲಂನಲ್ಲಿ ಹದಿನೈದು ಅಕ್ಷರ ಕಂಡರೆ ಅದು ಬಹುಪಾಲು ಜಿಎಸ್‌ಟಿ ಸಂಖ್ಯೆ. ಅದರ ಮೊದಲೆರಡು ಅಂಕಿ ರಾಜ್ಯದ್ದು, ತಮಿಳುನಾಡಿಗೆ 33, ಕರ್ನಾಟಕಕ್ಕೆ 29. ಮುಂದಿನ ಹತ್ತು ಸ್ವತಃ ಪ್ಯಾನ್. ಪ್ಯಾನ್ ಕಲಂ ಮುಚ್ಚಿ ಪಕ್ಕದ ಜಿಎಸ್‌ಟಿ ಕಲಂ ತೆರೆದಿಟ್ಟರೆ ಏನನ್ನೂ ಮುಚ್ಚಿದಂತಾಗಲಿಲ್ಲ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವ ಅಡುಗೆಯವರು, ದರ್ಜಿಗಳು, ಅಂಗಡಿಯವರ ವಿಷಯದಲ್ಲಿ ಆ ಪ್ಯಾನ್ ಅವರ ಸ್ವಂತದ್ದು.

ಖಾತೆ ಸಂಖ್ಯೆಗೆ ಎಲ್ಲ ಬ್ಯಾಂಕಿಗೂ ಒಪ್ಪುವ ಒಂದೇ ಅಳತೆಯಿಲ್ಲ. ಸ್ಟೇಟ್ ಬ್ಯಾಂಕಿನದು 11 ಅಂಕಿ, ಐಸಿಐಸಿಐನದು 12, ಎಚ್‌ಡಿಎಫ್‌ಸಿಯದು 14. ಇಲ್ಲಿ ‘ಸರಿಯಾದ ಉದ್ದ’ ಎಂಬ ಪರೀಕ್ಷೆ ನಡೆಯದು. ಒಂಬತ್ತಕ್ಕಿಂತ ಕಡಿಮೆಯಾದರೆ ಪೂರ್ತಿ ಮುಚ್ಚುವ ಕನಿಷ್ಠ ಮಿತಿಯಿಡುವುದು ವ್ಯವಹಾರಕ್ಕೆ ಸಾಕು. ಹನ್ನೆರಡು ಅಂಕಿಯ ಖಾತೆಯನ್ನು ಆಧಾರ್ ಎಂದು ತಪ್ಪಾಗಿ ಮುಚ್ಚಿದರೂ ನಷ್ಟವಿಲ್ಲ. ಕಾರ್ಡ್ ಸಂಖ್ಯೆ 16 ಅಂಕಿಯದೆಂದು ಗಟ್ಟಿಯಾಗಿ ಬರೆದ ಪ್ರೋಗ್ರಾಂಗೆ ಅಮೆರಿಕನ್ ಎಕ್ಸ್‌ಪ್ರೆಸ್‌ನ 15 ಅಂಕಿ ಸಿಕ್ಕುವುದಿಲ್ಲ. ಅಂತರರಾಷ್ಟ್ರೀಯ ಮಾನಕದಲ್ಲಿ 19 ಅಂಕಿಯವರೆಗೂ ಅವಕಾಶವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗಿರಾಕಿಯ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಲೆಕ್ಕ ಹೊಂದಿಸಿಕೊಳ್ಳಲು ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರು ಸಾಕು. ಹಳೆಯ ಪಟ್ಟಿಯಲ್ಲಿ ಪೂರ್ತಿ ಸಂಖ್ಯೆ ಸಿಕ್ಕರೆ ಅದಕ್ಕೆ ಮುಸುಕಲ್ಲ, ಅಳಿಸುವುದೇ ಮದ್ದು.

ರೂಪ ಸರಿಯಿದ್ದೂ ಅಳತೆ ಮೀರಿದವು

ಕೆಲವು ನಮೂದುಗಳು ರೂಪದಲ್ಲಿ ತಪ್ಪಿರುವುದಿಲ್ಲ, ಗಾತ್ರದಲ್ಲಿ ಎದ್ದುಕಾಣುತ್ತವೆ. ಇವು ಪರೀಕ್ಷೆಗಳನ್ನೆಲ್ಲ ದಾಟಿಬರುವುದರಿಂದ ಹೆಚ್ಚು ಅಪಾಯಕರ. ದೇಣಿಗೆಯ ಪಟ್ಟಿಯಲ್ಲಿ ಹೆಸರುಗಳನ್ನೆಲ್ಲ ಮುಚ್ಚಿ ಮೊತ್ತಗಳನ್ನು ಬಿಟ್ಟರೆ, ಐನೂರು, ಸಾವಿರಗಳ ನಡುವೆ ಒಂದು ಹತ್ತು ಲಕ್ಷ ಕಂಡಾಗ ಬಡಾವಣೆಯವರಿಗೆ ಅದು ಯಾರದೆಂದು ಗೊತ್ತಾಗಲು ಹೆಸರು ಬೇಕಿಲ್ಲ. ವಯಸ್ಸಿನ ಕಲಂನಲ್ಲಿ 97 ಇದ್ದರೂ ಹಾಗೆಯೇ. ಅಮೆರಿಕದ ಆರೋಗ್ಯ ಮಾಹಿತಿ ಕಾನೂನಿನಲ್ಲಿ ಇದಕ್ಕೆ ನೇರವಾದ ನಿಯಮವಿದೆ: 89ಕ್ಕಿಂತ ಹೆಚ್ಚಿನ ವಯಸ್ಸುಗಳನ್ನೆಲ್ಲ ‘90 ಮತ್ತು ಮೇಲ್ಪಟ್ಟು’ ಎಂದು ಒಂದೇ ಗುಂಪಿಗೆ ಸೇರಿಸಬೇಕು. ಮೊತ್ತಕ್ಕೂ ಇಂಥದ್ದೇ ಮೇಲ್ಮಿತಿ ಇಡಬಹುದು: ‘ಇಪ್ಪತ್ತೈದು ಸಾವಿರ ಮತ್ತು ಮೇಲ್ಪಟ್ಟು’ ಎಂದು. ಆ ಗುಂಪಿನಲ್ಲಿ ಒಬ್ಬರೇ ಉಳಿಯುವಂತಿದ್ದರೆ ಮಿತಿಯನ್ನು ಇನ್ನೂ ಕೆಳಗಿಳಿಸಬೇಕು.

ಸೇವಾಪಟ್ಟಿಯ ಗೋತ್ರಕ್ಕೂ ಇದು ಸಲ್ಲುತ್ತದೆ. ಕಾಶ್ಯಪ, ಭಾರದ್ವಾಜ ಗೋತ್ರದವರು ನೂರಾರು ಮಂದಿ ಇರುತ್ತಾರೆ; ಪಟ್ಟಿಯಲ್ಲಿ ಒಬ್ಬರೇ ಇರುವ ಗೋತ್ರ ಹೆಸರಿನಷ್ಟೇ ಸ್ಪಷ್ಟವಾದ ಗುರುತು. ಹುಟ್ಟಿದ ದಿನಾಂಕದಲ್ಲಿ ಇದರ ವಿರುದ್ಧದ ಸಮಸ್ಯೆ. ಫೆಬ್ರುವರಿ 31, ಸೊನ್ನೆ ಸೊನ್ನೆ, 1900ರ ಜನವರಿ 1 ಎಂಬಂಥ ನಮೂದುಗಳಿಂದ ವಯಸ್ಸು ಲೆಕ್ಕಕ್ಕೇ ಸಿಗದು, ಇಲ್ಲವೇ ನೂರಿಪ್ಪತ್ತು ದಾಟುತ್ತದೆ. ಅಂಥದ್ದನ್ನು 90ರ ಗುಂಪಿಗೆ ನೂಕಬಾರದು, ‘ದಿನಾಂಕ ಸರಿಯಿಲ್ಲ’ ಎಂದು ಬೇರೆ ಇಡಬೇಕು. ಇಲ್ಲದಿದ್ದರೆ ಪಟ್ಟಿಯ ಅಂಕಿಅಂಶವೇ ಸುಳ್ಳಾಗುತ್ತದೆ.

ದೋಷವರದಿಯಲ್ಲಿ ಬಯಲಾಗುವುದು

ತಪ್ಪು ನಮೂದು ಸಿಕ್ಕಾಗ ಪ್ರೋಗ್ರಾಂ ದೂರು ಬರೆಯುತ್ತದೆ: ‘ಈ ಸಾಲಿನ ಈ ಸಂಖ್ಯೆ ಸರಿಯಿಲ್ಲ’ ಎಂದು. ಆ ಸಂಖ್ಯೆಯನ್ನೂ ಬರೆದುಬಿಟ್ಟರೆ ಮುಚ್ಚಲಾಗದ ನಮೂದುಗಳೆಲ್ಲ ಒಂದೇ ಕಡತದಲ್ಲಿ, ಮುಸುಕಿಲ್ಲದೆ, ಆರಿಸಿಟ್ಟಂತೆ ಸೇರುತ್ತವೆ. ಅದನ್ನೇ ವಾಟ್ಸ್‌ಆಪ್‌ನಲ್ಲಿ ‘ಇವನ್ನು ಸರಿಮಾಡಿ’ ಎಂದು ಕಳಿಸುವುದೂ ನಡೆಯುತ್ತದೆ. ದೋಷವರದಿಯಲ್ಲಿ ಇರಬೇಕಾದದ್ದು ಎರಡೇ: ಸಾಲಿನ ಕ್ರಮಸಂಖ್ಯೆ ಮತ್ತು ಕಾರಣ. ‘ಉದ್ದ ಕಡಿಮೆ’, ‘ಉದ್ದ ಹೆಚ್ಚು’, ‘ತಾಳೆ ಇಲ್ಲ’, ‘ಖಾಲಿ’, ‘ಎರಡು ಸಂಖ್ಯೆ’ ಇಷ್ಟರಲ್ಲಿ ಒಂದು ಸಾಕು. ಮೂಲ ಪಟ್ಟಿ ನೋಡುವ ಹಕ್ಕಿದ್ದವರು ಸಾಲು ತೆರೆದು ತಿದ್ದುತ್ತಾರೆ. ಕಾರಣದ ಈ ಕಲಂ ಒಳಗಿನವರಿಗೆ ಮಾತ್ರ. ಹೊರಗೆ ಹೋಗುವ ಪ್ರತಿಯಲ್ಲಿ ಎಲ್ಲಕ್ಕೂ ಒಂದೇ ಬಗೆಯ ಚುಕ್ಕಿ.

ಪರೀಕ್ಷೆಗೆ ನಿಜವಾದ ಜನರ ಸಂಖ್ಯೆ ಬಳಸಬಾರದು. 0ಯಿಂದ ಶುರುವಾಗುವ ಹನ್ನೆರಡು ಅಂಕಿ ಯಾರ ಆಧಾರ್ ಆಗಿರಲೂ ಸಾಧ್ಯವಿಲ್ಲ. ಕಾರ್ಡಿಗೆ 4ರ ಮುಂದೆ ಹದಿನೈದು 1 ಬರೆದ ಸಂಖ್ಯೆ ಪರೀಕ್ಷೆಗೆಂದೇ ರೂಢಿಯಲ್ಲಿದೆ. ಖಾಲಿ, ಒಂದೇ ಅಂಕಿ, ಸರಿಯಾದದ್ದು, ಒಂದು ಹೆಚ್ಚಿನದ್ದು, 28 ಅಂಕಿ, ಕನ್ನಡ ಅಂಕಿ, ಕನ್ನಡ ಇಂಗ್ಲಿಷ್ ಬೆರೆತದ್ದು, ನಡುವೆ ಸಾಲು ಮುರಿದದ್ದು, ಎಕ್ಸೆಲ್ ಕೆಡಿಸಿದ್ದು ಇವೆಲ್ಲ ಇರುವ ಪುಟ್ಟ ಪಟ್ಟಿ ಮಾಡಿಕೊಂಡು ಮೊದಲು ಅದನ್ನು ಓಡಿಸಬೇಕು. ಕೊನೆಗೆ ನಿಜವಾದ ಫಲಿತಾಂಶದ ಕಡತದಲ್ಲಿ, ಯಾವ ಲಿಪಿಯಲ್ಲಾದರೂ ಸರಿ, ಸತತ ಐದು ಅಥವಾ ಹೆಚ್ಚು ಅಂಕಿ ಎಲ್ಲಾದರೂ ಉಳಿದಿವೆಯೇ ಎಂದು ಹುಡುಕಬೇಕು. ಪಿನ್‌ಕೋಡ್, ಮೊತ್ತ ಬಿಟ್ಟು ಬೇರೇನಾದರೂ ಸಿಕ್ಕರೆ ಆ ಕಡತ ಹೊರಗೆ ಹೋಗಬಾರದು.

ಕಾಗದದ ಮೇಲಿನ ಮುಸುಕು

ಸಣ್ಣ ಕಚೇರಿಗಳಲ್ಲಿ ಅರ್ಧ ವ್ಯವಹಾರ ಜೆರಾಕ್ಸ್ ಪ್ರತಿಯಲ್ಲೇ ನಡೆಯುತ್ತದೆ. ಆಧಾರ್ ಪ್ರತಿಯ ಮೇಲೆ ಕಪ್ಪು ಪೆನ್ನಿನಿಂದ ಎಂಟು ಅಂಕಿ ಹೊಡೆದುಹಾಕಿದರೂ ಅದೇ ಸಂಖ್ಯೆ ಪತ್ರದ ಇನ್ನೊಂದು ಕಡೆ ಅಚ್ಚಾಗಿರಬಹುದು, ಕೆಳಗೆ ವರ್ಚುವಲ್ ಐಡಿ ಇರಬಹುದು. ಹಳೆಯ ಆಧಾರ್ ಪತ್ರಗಳ ಕ್ಯೂಆರ್ ಚೌಕದಲ್ಲಿ ಹೆಸರು, ವಿಳಾಸಗಳ ಜೊತೆ ಪೂರ್ತಿ ಸಂಖ್ಯೆಯೇ ಅಡಗಿದೆ. ಫೋನಿನ ಕ್ಯಾಮೆರಾ ಹಿಡಿದರೆ ಓದಬಹುದು. ಹೊಸ ಸುರಕ್ಷಿತ ಕ್ಯೂಆರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರವಿದೆ, ಆದರೆ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಫೋಟೊ ಇವೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಆಧಾರ್ ಜೆರಾಕ್ಸ್ ಕಂಡಕಂಡಲ್ಲಿ ಕೊಡಬೇಡಿ, ಮುಸುಕಿನ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನರಲ್ಲಿ ಗಾಬರಿಯೆದ್ದು, ಅದನ್ನು ತಪ್ಪಾಗಿ ಅರ್ಥೈಸಬಹುದೆಂಬ ಕಾರಣಕ್ಕೆ ಕೇಂದ್ರ ಸರ್ಕಾರ ಮೇ 29ರಂದು ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಸಲಹೆಯ ತಿರುಳಿನಲ್ಲಿ ತಪ್ಪಿರಲಿಲ್ಲ. ಮುಸುಕಿನ ಆಧಾರ್ ಅಧಿಕೃತ ದಾಖಲೆಯೇ. ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಳ್ಳುವಾಗ ಆ ಆಯ್ಕೆಗೆ ಗುರುತು ಹಾಕಿದರೆ ಸಿಗುತ್ತದೆ. ಪೆನ್ನಿನಿಂದ ಹೊಡೆದ ಜೆರಾಕ್ಸಿಗಿಂತ ಅದು ಮೇಲು.

ಮುಸುಕು ಜಾರಿದಾಗ ಏನಾಗುತ್ತದೆ ಎಂಬುದಕ್ಕೆ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. ನಾಲ್ಕು ಸರ್ಕಾರಿ ಜಾಲತಾಣಗಳಿಂದ 13ರಿಂದ 13.5 ಕೋಟಿ ಆಧಾರ್ ಸಂಖ್ಯೆಗಳು ಸಾರ್ವಜನಿಕರಿಗೆ ಕಾಣುವಂತಾಗಿದ್ದವೆಂದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2017ರ ಮೇನಲ್ಲಿ ಅಂದಾಜು ಮಾಡಿತ್ತು. ಅದೇ ವರ್ಷದ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಸಂಗ್ರಹಿಸಿದ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯ 29ನೆಯ ಕಲಂ ತಡೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಪಾಡಲು ಸೂಕ್ತ ಏರ್ಪಾಡು ಮಾಡದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ.